ಅಡ್ಡ ಹಿಡಿದ ಅಂಗೈ

ಶಂಕರಪುರದ ನಮ್ಮ ಪಕ್ಕದ ಮನೆಯಾಕೆ ನಮ್ಮಲ್ಲಿ ಊಟಕ್ಕೆ ಕೂತರೆ ಮೊದಲು ಪಲ್ಯ, ಕೋಸಂಬರಿ ಮುಗಿಸಿ, ಆಮೇಲೆ ಒಂದೇ ಸೌಟು ಅನ್ನ ಹಾಕಿಸಿಕೊಳ್ಳುತ್ತಿದ್ದರು. ಮತ್ತೆ ಬಡಿಸಹೋದರೆ ಅಂಗೈ ಅಡ್ಡ ಹಿಡಿದು, "ಸಾಕು ಕಣ್ರೀ, ತೂಕ ನಿಧಾನಕ್ಕೆ ಇಳೀಲಿ" ಎನ್ನುತ್ತಿದ್ದರು. ಹೀಗೆ ಒಂದು ವರ್ಷ ನಡೆದಿರಬೇಕು; ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ.

ಗೌರಿಹಬ್ಬದ ದಿನ ಮಾತ್ರ ನಾನು ಬಿಡಲಿಲ್ಲ. "ಈ ವಯಸ್ಸಲ್ಲಿ ಯಾರಿಗ್ರೀ ತೋರಿಸ್ಬೇಕು ಸೊಂಟಾನ?" ಎಂದು ನಗುತ್ತ, ಆ ಕೈಯನ್ನು ಸರಿಸಿ ಎಲೆಗೆ ಹೋಳಿಗೆ ಹಾಕಿ ತುಪ್ಪ ಸುರಿದೆ.

ಅವರು ನಗಲಿಲ್ಲ. "ತಂಗಿಗೆ ಕಿಡ್ನಿ ಕೊಡ್ಬೇಕು ಕಣ್ರೀ. ಇನ್ನು ಮೂರು ಕೆಜಿ ಇಳಿದ್ರೇನೇ ಆಪರೇಷನ್ ಅಂದಿದಾರೆ ಡಾಕ್ಟ್ರು."

ಬಡಿಸಿದ್ದನ್ನು ಎಲೆಯಿಂದ ವಾಪಸ್ಸು ತೆಗೆಯಬಾರದು ಎಂದು ಕೇಳುತ್ತಲೇ ಬೆಳೆದವಳು, ಎಲ್ಲರೆದುರು ಆ ಹೋಳಿಗೆಯನ್ನು ಎತ್ತಿಕೊಂಡೆ.