ಕೆಂಚನ ಶನಿವಾರದ ಒಪ್ಪತ್ತು

ಬರೆಯುವುದೆಂದರೆ ನನಗೆ ಆಗದು. ಐದನೇ ಕ್ಲಾಸಿಗೇ ಸ್ಲೇಟು ಎತ್ತಿಟ್ಟವನು ನಾನು. ಈ ಫೋನಿನಲ್ಲಿ ಒಂದು ಒತ್ತಕ್ಷರ ಹುಡುಕುವಷ್ಟರಲ್ಲಿ ಕಾಫಿ ಆರಿಹೋಗುತ್ತದೆ.

ಆದರೆ ನನ್ನ ಹೆಂಡತಿ ಜಯಮ್ಮ ಬಿಡುತ್ತಿಲ್ಲ. "ನಾಯಿ ಒಪ್ಪತ್ತು ಮಾಡ್ತೈತೆ ಅಂತ ಊರೆಲ್ಲ ಡಂಗುರ ಹೊಡ್ಕೊಂಡು ಬಂದ್ರಲ್ಲ, ಈಗ ಇದನ್ನೂ ಹೊಡೀರಿ" ಅಂತ ತಲೆ ಮೇಲೆ ಕೂತಿದ್ದಾಳೆ.

ಸರಿ, ಬರೆಯುತ್ತೇನೆ. ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ. ನನಗೆ ಹೇಳಲು ಬರಬೇಡಿ.

ನಮ್ಮ ಮನೆ ಮಾಲೇಕಲ್ಲು ಬೆಟ್ಟದ ಬುಡದಲ್ಲೇ. ಮನೆದೇವರು ವೆಂಕಟರಮಣ. ಶನಿವಾರ ನಾವಿಬ್ಬರೂ ಬರೀ ಹೊಟ್ಟೆಯಲ್ಲಿ ಬೆಟ್ಟ ಹತ್ತುತ್ತೇವೆ. ಇಳಿದು ಬಂದು ಸಂಜೆ ಅಡುಗೆ ಮಾಡಿ ಉಂಡರೆ ಆ ದಿನಕ್ಕೆ ಅದೊಂದೇ ಊಟ.

ನಮ್ಮ ನಾಯಿ ಕೆಂಚನಿಗೂ ಅದೇ ನಿಯಮ. ಒಲೆ ಹಚ್ಚದ ಮನೆಯಲ್ಲಿ ನಾಯಿಗೆ ಮಾತ್ರ ಎಲ್ಲಿಂದ ತಂದು ಹಾಕುವುದು? ನಮ್ಮ ಬೀದಿಯ ಎಷ್ಟೋ ಮನೆಗಳಲ್ಲಿ ಹೀಗೇ.

ಕೆಂಚ ಒಂದು ದಿನವೂ ಗಲಾಟೆ ಮಾಡಿದವನಲ್ಲ. ಬಾಲ ಎತ್ತಿಕೊಂಡು ನಮಗಿಂತ ಮೊದಲೇ ಮೆಟ್ಟಿಲು ಹತ್ತುತ್ತಿದ್ದ. "ಹೋದ ಜನ್ಮದಲ್ಲಿ ದಾಸಯ್ಯ ಆಗಿದ್ದ ಕಣ್ರೀ ಇವ್ನು" ಅಂತ ಟೀ ಅಂಗಡಿಯಲ್ಲಿ ನಾನೇ ಎಷ್ಟು ಸಲ ಹೇಳಿದ್ದೇನೋ. ಯಾರೋ ಹೆಂಗಸು ಅವನ ಹಣೆಗೆ ನಾಮವನ್ನೂ ಇಟ್ಟಳು. ಆ ಫೋಟೋ ಊರಿನ ಈ ಗ್ರೂಪಿಗೆ ಹಾಕಿದಾಗ ನೀವೆಲ್ಲ ಕೈ ಮುಗಿದಿದ್ದಿರಿ... ಈಗ ನಗಬೇಡಿ.

ಜಯಮ್ಮನಿಗೆ ಮಂಡಿ ನೋವು. ಅವಳು ನಿಧಾನವಾಗಿ ಹಿಂದೆ ಬರುತ್ತಾಳೆ, ಹಾಗಾಗಿ ನನಗೆ ಕಾಣದ್ದು ಅವಳಿಗೆ ಕಾಣುತ್ತದೆ. ಒಂದು ಸಲ ಹೇಳಿದಳು, "ರೀ, ಇದು ಪ್ರತಿ ಶನಿವಾರ ಮೆಟ್ಟಿಲ ಪಕ್ಕದ ಪೊದೆಗೆ ನುಗ್ತೈತೆ. ನರಿ ಹಿಕ್ಕೆ ತಿಂತೈತೆ ಕಣ್ರೀ."

"ಸುಮ್ನೆ ಬಾರೇ. ಬೇರೆಯವ್ರ ನಾಯಿ ತಿನ್ಬೌದು, ನಮ್ದು ತಿನ್ನಲ್ಲ" ಅಂದೆ.

ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ಕೆಂಚ ಏಳಲಿಲ್ಲ.

ಕರೆದರೆ ಕಣ್ಣು ಮಾತ್ರ ತಿರುಗಿಸಿದ. ಆಮೇಲೆ ವಾಂತಿ. ವಾಂತಿಯಲ್ಲಿ ನರಿ ತಿನ್ನುವ ಎಲಚಿ ಹಣ್ಣಿನ ಬೀಜ, ಯಾವುದೋ ಪ್ರಾಣಿಯ ಕೂದಲು. ನಮ್ಮ ಮನೆಯ ತಟ್ಟೆಯಲ್ಲಿ ಎಲಚಿ ಬೀಜ ಎಲ್ಲಿಂದ ಬರಬೇಕು? ಜಯಮ್ಮ ನನ್ನ ಮುಖ ನೋಡಿದಳು.

ಸ್ವಲ್ಪ ಹೊತ್ತಿಗೆ ರಕ್ತಬೇದಿ ಶುರುವಾಯಿತು. ತುಟಿ ಎತ್ತಿ ನೋಡಿದರೆ ವಸಡು ಸುಣ್ಣದ ಹಾಗೆ ಬಿಳಿ.

ಪಕ್ಕದ ಮನೆಯ ಮಂಜನ ಲಗೇಜ್ ಆಟೋ ಇತ್ತು. "ಏನ್ ದೊಡ್ಡಪ್ಪ, ದಾಸಯ್ಯಂಗೆ ಪ್ರಸಾದ ಜಾಸ್ತಿ ಆಯ್ತಾ?" ಅಂದ. ನನ್ನ ಮುಖ ನೋಡಿ ಹಿಂದೆ ಗೋಣಿಚೀಲ ಹಾಸಿದ. ಅರಸೀಕೆರೆ ಮುಟ್ಟುವ ತನಕ ಕೆಂಚನ ತಲೆ ನನ್ನ ತೊಡೆ ಮೇಲೆ. ಉಸಿರು ಇದೆಯೋ ಇಲ್ಲವೋ ಅಂತ ಮೂಗಿನ ಹತ್ತಿರ ಕೈ ಹಿಡಿದುಕೊಂಡೇ ಕೂತಿದ್ದೆ.

ನಾಯಿ ಡಾಕ್ಟರು ಒಬ್ಬ ಹೆಣ್ಣುಮಗಳು. ಬಾಗಿಲು ಹಾಕಿ ಸ್ಕೂಟರ್ ಸ್ಟಾರ್ಟ್ ಮಾಡಿದ್ದರು. ನಮ್ಮನ್ನು ನೋಡಿ ಆಫ್ ಮಾಡಿ ಇಳಿದರು.

"ನಿನ್ನೆ ಏನ್ ತಿಂದಿತ್ತು ಯಜಮಾನ್ರೇ?"

"ಸಂಜೆ ತನಕ ಏನಿಲ್ಲ. ಶನಿವಾರ ಒಪ್ಪತ್ತು."

"ನಿಮ್ಮದಲ್ಲ, ನಾಯಿದು ಕೇಳಿದ್ದು."

"ನಾನೂ ನಾಯಿದೇ ಹೇಳಿದ್ದು."

ಅವರು ಜಯಮ್ಮನ ಕಡೆ ತಿರುಗಿದರು. ಇವಳು ಪೊದೆ, ಹಿಕ್ಕೆ, ಎಲ್ಲ ಒಪ್ಪಿಸಿದಳು.

"ಹಸಿದಿರೋ ನಾಯಿ ಸಿಕ್ಕಿದ್ದು ತಿನ್ನುತ್ತೆ. ಅದಕ್ಕೇನು ಗೊತ್ತು ಶನಿವಾರ, ಸೋಮವಾರ?" ಅಂದರು ಡಾಕ್ಟರು. ನನಗೆ ರೇಗಿತು. "ಬುದ್ಧಿ ಆಮೇಲೆ ಹೇಳಿ ತಾಯಿ, ಮೊದಲು ಅದನ್ನ ಉಳಿಸಿ" ಅಂತ ಕೂಗಿಯೇ ಬಿಟ್ಟೆ. ಆ ಯಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ನೆಲದ ಮೇಲೆ ಕೂತು ಕೆಂಚನ ಕಾಲಿಗೆ ಸೂಜಿ ಚುಚ್ಚಿ ಡ್ರಿಪ್ ಹಾಕಿದರು.

ಬೇದಿಯನ್ನು ಗಾಜಿಗೆ ಸವರಿ ಮೆಷಿನ್ನಿನಲ್ಲಿ ನೋಡಿದರು. ಹುಳದ ಮೊಟ್ಟೆ ತುಂಬಿಕೊಂಡಿತ್ತಂತೆ. ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವ ಹುಳ.

ಆ ಹುಳ ಅಲ್ಲಿಂದಲೇ ಬಂತು ಅಂತ ಆಣೆ ಇಟ್ಟು ಹೇಳಲಾರೆ ಅಂದರು. ಆದರೆ ನರಿ, ಕಾಡುಬೆಕ್ಕು, ಹಂದಿ, ಯಾವುದರ ಹಿಕ್ಕೆಯಾದರೂ ಅದರ ಹೊಟ್ಟೆಯ ಹುಳು, ರೋಗ ನಾಯಿಗೆ ದಾಟಬಹುದಂತೆ. ಆ ಪ್ರಾಣಿ ವಿಷ ತಿಂದಿದ್ದರೆ ಅದೂ ಬರಬಹುದಂತೆ. ಕೆಲವು ಹುಳು ನಾಯಿಯಿಂದ ಮನುಷ್ಯರಿಗೂ ಅಂಟುತ್ತವೆ, ಮಕ್ಕಳಿಗೆ ಜಾಸ್ತಿ. ನಾಯಿ ಮುಟ್ಟಿದರೆ ಕೈ ತೊಳೆದೇ ಊಟಕ್ಕೆ ಕೂರಬೇಕು.

"ಉಳೀತದಾ?" ಅಂತ ಕೇಳಿದೆ.

"ರಕ್ತ ತುಂಬಾ ಹೋಗಿದೆ. ನಾಳೆ ತನಕ ಏನೂ ಹೇಳಲ್ಲ."

ಮಾರನೇ ದಿನ ಮತ್ತೆ ಮಂಜನ ಆಟೋ, ಮತ್ತೆ ಡ್ರಿಪ್. ಸಂಜೆ ಜಯಮ್ಮ ಗಂಜಿ ತಣಿಸಿ ಅಂಗೈಯಲ್ಲಿ ಹಿಡಿದಳು. ಕೆಂಚ ಮೂಸಿ ನೋಡಿದ... ನಾಲಿಗೆ ಚಾಚಿದ. ನೆಕ್ಕಿದ.

ನಾನು ಎದ್ದು ಹಿತ್ತಲಿಗೆ ಹೋದೆ. ಯಾಕೆ ಅಂತ ಕೇಳಬೇಡಿ.

ಈಗ ಕೆಂಚ ಗಟ್ಟಿಯಾಗಿದ್ದಾನೆ. ನಾನು ಇದನ್ನು ಬರೆಯುವಾಗ ನನ್ನ ಚಪ್ಪಲಿ ಕಚ್ಚುತ್ತಿದ್ದಾನೆ, ಕಚ್ಚಲಿ. ಶನಿವಾರ ಬೆಳಗ್ಗೆ ಅವನಿಗೆ ಅಂತ ಒಲೆ ಹಚ್ಚುತ್ತೇವೆ. ಅವನು ಮುದ್ದೆ ತಿಂದ ಮೇಲೆಯೇ ನಾವು ಮೆಟ್ಟಿಲು ಹತ್ತುವುದು, ಅದೂ ಅವನ ಕೊರಳಿಗೆ ಹಗ್ಗ ಹಾಕಿ. ನನ್ನ ಹರಕೆ ನನ್ನ ಹೊಟ್ಟೆಗೆ ಸಾಕು.

ಸ್ಕೂಟರಿನಿಂದ ಇಳಿದ ಆ ತಾಯಿಗೆ ನನ್ನ ವಯಸ್ಸನ್ನೂ ನೋಡದೆ ಕೈ ಮುಗಿದಿದ್ದೇನೆ. ಮಂಜನಿಗೂ ಋಣಿ, ಬಾಯಿ ಹೇಗೇ ಇರಲಿ. ಜಯಮ್ಮನಿಗೆ ಎದುರಿಗೆ ಹೇಳಲಿಲ್ಲ. ಇಲ್ಲಿ ಓದಿಕೊಳ್ಳಲಿ.

ಮೊನ್ನೆ ಡಾಕ್ಟರಿಗೆ ನಮ್ಮ ಬೀದಿಯ ಬೇರೆ ನಾಯಿಗಳ ಕಥೆಯನ್ನೂ ಹೇಳಿದೆ. ಬರುವ ಶನಿವಾರ ಬೆಳಗ್ಗೆ ಬೆಟ್ಟದ ಬುಡಕ್ಕೆ ಅವರೇ ಬಂದು ಎಲ್ಲಕ್ಕೂ ಹುಳದ ಮಾತ್ರೆ ಕೊಡುತ್ತಾರಂತೆ. ಎಷ್ಟು ನಾಯಿ, ಮರಿ ಎಷ್ಟು, ದೊಡ್ಡವೆಷ್ಟು ಅಂತ ಮೊದಲೇ ಗೊತ್ತಾಗಬೇಕಂತೆ.

ನಿಮ್ಮ ಮನೆಯಲ್ಲಿ ಎಷ್ಟು? ಗುರುವಾರ ಸಂಜೆಯೊಳಗೆ ನನಗೆ ಉತ್ತರ ಬೇಕು.