ಒಣಮೀನಿನ ಗೋಡೆ

ಬಾಡಿಗೆ ಮನೆ ಬಿಡುವ ದಿನ ಯಜಮಾನರು ನಲ್ಲಿ ತಿರುಗಿಸಿ ನೋಡುತ್ತಾರೆ, ಕಿಟಕಿಯ ಗಾಜು ತಟ್ಟುತ್ತಾರೆ, ಗೋಡೆಗೆ ಹೊಡೆದ ಮೊಳೆಗಳ ಬಗ್ಗೆ ತಕರಾರು ತೆಗೆಯುತ್ತಾರೆ ಎಂದು ನಾನು ಅಂದಾಜು ಮಾಡಿದ್ದೆ. ಒಂದೊಂದಕ್ಕೂ ಉತ್ತರ ಸಿದ್ಧವಿತ್ತು. ಐವರ್ನಾಡಿನ ನಮ್ಮ ಯಜಮಾನರು ಅದ್ಯಾವುದಕ್ಕೂ ಹೋಗಲಿಲ್ಲ. ನೇರ ಅಡುಗೆಕೋಣೆಗೆ ಬಂದು, ಪಂಚೆಯ ತುದಿ ಕೈಯಲ್ಲಿ ಹಿಡಿದು ನಿಂತು, ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದರು.

"ಒಣಮೀನು," ಎಂದರು.

ಅಮ್ಮ ನನ್ನ ಮುಖ ನೋಡಿದಳು. ಆ ವಾರವಿಡೀ ಅವಳು ಮಾಡಿದ್ದು ಆ ಮನೆಯನ್ನು ತೊಳೆಯುವ ಕೆಲಸವೊಂದನ್ನೇ. ಸೋಪಿನ ಪುಡಿ, ತೆಂಗಿನ ನಾರು, ಬಿಸಿನೀರು. ಬಚ್ಚಲಿನ ಮೂಲೆಗೆ ಹಳೆಯ ಹಲ್ಲುಜ್ಜುವ ಬ್ರಷ್ಷು. ಬೇಡ ಎಂದು ನಾನು ಹೇಳಿಯೇ ಹೇಳಿದ್ದೆ. ನಾವು ತೊಳೆದರೂ ಅವರು ಕ್ಲೀನಿಂಗಿಗೆಂದು ಅಡ್ವಾನ್ಸಿನಲ್ಲಿ ಹಿಡಿಯುತ್ತಾರೆ, ತೊಳೆಯದಿದ್ದರೂ ಹಿಡಿಯುತ್ತಾರೆ, ಹಾಗಾದ ಮೇಲೆ ತೊಳೆಯುವುದು ಯಾರ ಸುಖಕ್ಕೆ? "ಹೆಸರು ಹಾಳಾಗ್ತದೆ ಮಗಳೇ," ಎಂದಿದ್ದಳು. ಹೆಸರಂತೆ. ಹೆಸರು ಉಳಿಸಲು ಮೈಮುರಿದು ದುಡಿದವಳ ಎದುರೇ ಈಗ ಈ ಮನುಷ್ಯ ಮೂಗು ಅರಳಿಸಿ ನಿಂತಿದ್ದರು.

"ಗೋಡೆಗೆ ಹಿಡಿದು ಹೋಗಿದೆ. ತೊಳೆದ್ರೆ ಹೋಗುದಿಲ್ಲ. ಕೆರೆದು, ಸುಣ್ಣ ಬಳಿದು, ಮೇಲೆ ಪೈಂಟ್ ಕೊಡ್ಬೇಕು. ಅಡ್ವಾನ್ಸಿನಲ್ಲಿ ಅರ್ಧ ನಾನು ಹಿಡ್ಕೊಳ್ತೇನೆ."

ಅಂಗಳದಲ್ಲಿ ನಮ್ಮ ಸಾಮಾನು ತುಂಬಿದ ಪಿಕಪ್ಪು ನಿಂತಿತ್ತು. ನನಗೆ ಪುತ್ತೂರಿನಲ್ಲಿ ಕೆಲಸ ಸಿಕ್ಕಿದ್ದರಿಂದ ಅಲ್ಲೇ ಹತ್ತಿರದ ಕಬಕದಲ್ಲಿ ಮನೆ ನೋಡಿ ಮಾತಾಡಿ ಬಂದಿದ್ದೆವು. ಅಲ್ಲಿಯ ಯಜಮಾನಿ ಅಡ್ವಾನ್ಸ್ ಪೂರ್ತಿ ಕೈಗೆ ಬಂದ ಮೇಲೆಯೇ ಕೀಲಿ ಎಂದಿದ್ದಳು. ಇಲ್ಲಿಂದ ಪೂರ್ತಿ ಬಂದರೆ ಮಾತ್ರ ಅಲ್ಲಿ ಪೂರ್ತಿ ಕೊಡಲು ಆಗುತ್ತಿತ್ತು. ನಡುವೆ ಹಾಕಲು ನಮ್ಮಲ್ಲಿ ಬೇರೆ ದುಡ್ಡಿರಲಿಲ್ಲ.

"ಅಮ್ಮನಿಗೆ ಪ್ರೆಶರ್ ಉಂಟು. ಉಪ್ಪು ಮುಟ್ಟಬಾರ್ದು ಅಂತ ಡಾಕ್ಟ್ರು ಹೇಳಿದ್ದಾರೆ. ಈ ಮನೆಗೆ ಬಂದ ಮೇಲೆ ಒಂದು ತುಂಡು ಒಣಮೀನು ಒಳಗೆ ಬರ್ಲಿಲ್ಲ," ಎಂದೆ.

"ಹಾಗಾದ್ರೆ ವಾಸನೆ ಎಲ್ಲಿಂದ? ಆಕಾಶದಿಂದ ಬಿತ್ತಾ?"

ಆಕಾಶದವರೆಗೆ ಹೋಗಬೇಕಿರಲಿಲ್ಲ. ಗೋಡೆಯ ಆಚೆ ಹೋದರೆ ಸಾಕಿತ್ತು. ಅಲ್ಲಿ ಅವರ ಹೊಗೆಗೂಡು ಇತ್ತು. ರಬ್ಬರ್ ಹಾಲನ್ನು ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ಹಾಳೆ ಮಾಡಿ, ಬಿದಿರಿಗೆ ನೇತುಹಾಕಿ, ಕೆಳಗೆ ತೆಂಗಿನ ಗೆರಟೆ ಮತ್ತು ಕಟ್ಟಿಗೆಯ ಹೊಗೆ ಕೊಟ್ಟು ಒಣಗಿಸುವ ಪುಟ್ಟ ಕೋಣೆ. ಅದಕ್ಕೆ ನಾಲ್ಕನೆಯ ಗೋಡೆ ಕಟ್ಟಿಸುವ ಖರ್ಚು ಉಳಿಸಲೆಂದು ನಮ್ಮ ಅಡುಗೆಕೋಣೆಗೇ ಒರಗಿಸಿ ಕಟ್ಟಿದ್ದರು. ಹಂಚಿನ ಸಂದಿನಿಂದ ಹೊಗೆ ನಮ್ಮ ಕಡೆ ಇಳಿಯುತ್ತಿತ್ತು. ಹುಳಿ ಹುಳಿ, ಕೊಳೆತಂತೆ, ಸುಟ್ಟಂತೆ ಒಂದು ವಾಸನೆ. ನೆಂಟರು ಬಂದರೆ ಮೊದಲು ಮೂಗು ಮುಚ್ಚಿ ಆಮೇಲೆ ನಮಸ್ಕಾರ ಹೇಳುತ್ತಿದ್ದರು.

"ಇದು ನಿಮ್ಮ ರಬ್ಬರಿನ ವಾಸನೆ," ಎಂದೆ.

ಯಜಮಾನರು ನಕ್ಕರು. ತಮಾಷೆಗೆ ನಕ್ಕದ್ದಲ್ಲ, ಮಗು ಏನೋ ತೊದಲಿದರೆ ದೊಡ್ಡವರು ನಗುವ ನಗು. "ರಬ್ಬರಿಗೆ ಎಂತದ್ದು ವಾಸನೆ ಮಾರಾಯ್ತಿ? ನಾನು ಹುಟ್ಟಿದಲ್ಲಿಂದ ರಬ್ಬರಿನ ಒಟ್ಟಿಗೇ ಇದ್ದೇನೆ. ಒಂದು ದಿನ ವಾಸನೆ ಬರ್ಲಿಲ್ಲ."

ಅಲ್ಲಿಗೆ ನನಗೆ ಅರ್ಥವಾಯಿತು. ಈ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ. ಅವರ ಅಂಗಿ, ತಲೆದಿಂಬು, ಅವರ ಮನೆಯ ಅನ್ನ ಎಲ್ಲಕ್ಕೂ ಅದೇ ವಾಸನೆ; ಅದು ಅವರ ಮೂಗಿಗೆ ಬರಿಯ ಗಾಳಿ. ತಮ್ಮ ಮನೆಯಲ್ಲಿಲ್ಲದ್ದು ಏನೋ ಈ ಗೋಡೆಯಲ್ಲಿ ಉಂಟು ಎಂದು ಮೂಗಿಗಿಂತ ಮೊದಲೇ ಮನಸ್ಸು ತೀರ್ಮಾನಿಸಿತ್ತು. ಬಾಡಿಗೆಯವರು ಇದ್ದಲ್ಲಿ ಕೊಳಕು ಇರಲೇಬೇಕಲ್ಲ. ಸುಳ್ಳುಗಾರನನ್ನಾದರೆ ಮಾತಿನಲ್ಲಿ ಹಿಡಿಯಬಹುದು. ಪ್ರಾಮಾಣಿಕವಾಗಿ ತಪ್ಪಿದವನನ್ನು ಹಿಡಿಯುವುದು ಹೇಗೆಂದು ಕಾಲೇಜಿನ ಯಾವ ಚರ್ಚಾಸ್ಪರ್ಧೆಯೂ ನನಗೆ ಕಲಿಸಿರಲಿಲ್ಲ. ಆದರೂ ಬಿಡಲಿಲ್ಲ.

"ನಾವು ಬರುವಾಗ ಮನೆ ಕ್ಲೀನ್ ಮಾಡಿಸಿದ್ರಾ?"

"ಮಾಡಿಸದೆ? ಮೊದಲಿದ್ದವರ ಅಡ್ವಾನ್ಸಿನಲ್ಲಿ ಹಿಡಿದೇ ಮಾಡಿಸಿದ್ದು."

"ಅವರದ್ದೂ ಒಣಮೀನು?"

"ಹೌದು. ಅವರದ್ದು ಇನ್ನೂ ಜೋರಿತ್ತು."

"ಅವರಿಗಿಂತ ಮೊದಲಿದ್ದವರು?"

"ಅವರೂ ಹಾಗೆಯೇ."

"ಮತ್ತೆ ನಾವು ಬಂದ ದಿನವೇ ಈ ಗೋಡೆ ನಾರುತ್ತಿತ್ತು. ಅಮ್ಮ ಅವತ್ತೇ ಬಕೆಟ್ ಹಿಡಿದು ಕೂತಿದ್ರು. ಮೂರು ಸಂಸಾರ ಬಂದು ಹೋಯ್ತು. ಪ್ರತಿ ಸಲ ಕ್ಲೀನಿಂಗಿಗೆ ಹಿಡಿದಿದ್ದೀರಿ. ಪ್ರತಿ ಸಲವೂ ಅದೇ ಗೋಡೆ, ಅದೇ ವಾಸನೆ. ಜನ ಬದಲಾಗ್ತಾ ಉಂಟು, ವಾಸನೆ ಬದಲಾಗುದಿಲ್ಲ. ಹಾಗಾದ್ರೆ ಅದು ಜನರದ್ದಾ, ಗೋಡೆಯದ್ದಾ?"

ಇದನ್ನು ವೇದಿಕೆಯ ಮೇಲೆ ಹೇಳಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಯಜಮಾನರು ಒಂದು ಕ್ಷಣ ಯೋಚಿಸಿದರು, ನಿಜವಾಗಿಯೂ ಯೋಚಿಸಿದರು, ಆಮೇಲೆ ಹೇಳಿದರು: "ಬಾಡಿಗೆಗೆ ಬರುವವರೆಲ್ಲ ಒಣಮೀನು ತಿನ್ನುವವರೇ. ಅದಕ್ಕೆ ನಾನೆಂತ ಮಾಡುದು?"

ಪಿಕಪ್ಪಿನವನು ಹಾರ್ನ್ ಹೊಡೆದ. ನಾನು ಹೊಗೆಗೂಡಿನ ಬಾಗಿಲಿಗೆ ಹೋಗಿ ನಿಂತು, ಇಲ್ಲಿ ಬಂದು ಒಮ್ಮೆ ಉಸಿರೆಳೆಯಿರಿ ಎಂದೆ. ಬಂದರು. ತಲೆ ಒಳಗೆ ಹಾಕಿ ಉಸಿರೆಳೆದರು. "ಎಂತ ಇಲ್ಲ," ಎಂದರು. "ಹೆಣ್ಣುಮಕ್ಕಳು ಇಷ್ಟು ವಾದ ಮಾಡಿದ್ರೆ ನಾಳೆ ಮದುವೆಯಾಗಿ ಹೋದ ಮನೆಯಲ್ಲಿ ಬಾಳುದು ಹೇಗೆ?"

"ಹೋದ ಮನೆಯವರು ನನ್ನಿಂದ ಅಡ್ವಾನ್ಸ್ ಹಿಡಿಯುದಿಲ್ಲ ಅಂತ ಇಟ್ಟುಕೊಳ್ಳುವ," ಎಂದೆ.

ಅಮ್ಮ ನನ್ನ ಕೈ ಹಿಡಿದು ಎಳೆದಳು. ಅರ್ಧ ದುಡ್ಡು ತೆಗೆದುಕೊಂಡವಳೂ ಅವಳೇ. ನನ್ನ ಕೈಗೆ ಕೊಡಲು ಅವರಿಗೆ ಮನಸ್ಸಿರಲಿಲ್ಲ. ಹೊರಡುವಾಗ ಅವಳು ಹೊಸ್ತಿಲು ಒರೆಸಿ ಬಂದಳು. ಅದನ್ನು ನೋಡಿ ನನಗೆ ಯಜಮಾನರ ಮೇಲೆ ಇದ್ದಷ್ಟೇ ಸಿಟ್ಟು ಅವಳ ಮೇಲೂ ಬಂತು.

ಪಿಕಪ್ಪಿನಲ್ಲೇ ಕಬಕ ಮುಟ್ಟಿದೆವು. ಹೊಸ ಯಜಮಾನಿ ಗೇಟಿನಲ್ಲೇ ಕಾಯುತ್ತಿದ್ದಳು. ಗಂಡ ಗಲ್ಫಿನಲ್ಲಿ; ಮನೆ, ಬಾಡಿಗೆ, ಕೆಳಗಿನ ಬಟ್ಟೆಯಂಗಡಿ ಎಲ್ಲ ಇವಳ ಕೈಯಲ್ಲೇ. ನಾನು ದುಡ್ಡು ಕಡಿಮೆ ಇರುವ ವಿಷಯವನ್ನು ಹೇಗೆ ಎತ್ತುವುದು ಎಂದು ಯೋಚಿಸುತ್ತಿರುವಾಗಲೇ ಪಿಕಪ್ಪಿನವನು ಅಮ್ಮನ ಹತ್ತಿಯ ಹಾಸಿಗೆ ಇಳಿಸಿದ. ಯಜಮಾನಿ ಒಂದು ಹೆಜ್ಜೆ ಹಿಂದೆ ಸರಿದು ಶಾಲಿನ ತುದಿಯನ್ನು ಮೂಗಿಗೆ ತಂದಳು.

"ಯಾ ಅಲ್ಲಾ! ನಿಮ್ಮದು ರಬ್ಬರ್ ವ್ಯಾಪಾರವಾ? ಫೋನಿನಲ್ಲಿ ಹೇಳ್ಲಿಲ್ಲ ನೀವು!"

ಸಂತೋಷಕ್ಕೆ ನಾನು ಅವಳ ಕಾಲಿಗೆ ಬೀಳುವುದೊಂದು ಬಾಕಿ. ಆಗಲೇ ಫೋನ್ ಒತ್ತಿ, ಸ್ಪೀಕರಿನಲ್ಲಿಟ್ಟು, ಅವಳ ಮುಂದೆ ಹಿಡಿದೆ. "ಈಗ ಹೇಳಿದ್ದನ್ನು ಇವರಿಗೊಮ್ಮೆ ಹೇಳಿ. ಐವರ್ನಾಡಿನ ನಮ್ಮ ಯಜಮಾನ್ರು. ಒಣಮೀನಿನ ವಾಸನೆ ಅಂತ ಅರ್ಧ ಅಡ್ವಾನ್ಸ್ ಹಿಡಿದಿದ್ದಾರೆ."

ವಿಷಯ ಅವಳಿಗೆ ಕೂಡಲೇ ಹಿಡಿಯಿತು. "ಒಣಮೀನಾ? ಮಾರಾಯ್ರೆ, ನಾನು ಒಣಮೀನು ತಿಂದು ಬೆಳೆದವಳು. ಅದರ ವಾಸನೆ ನನಗೆ ಯಾರೂ ಕಲಿಸ್ಬೇಕಾಗಿಲ್ಲ. ಇದು ಬರೀ ರಬ್ಬರಿನ ಹೊಗೆ. ಇವರ ಹಾಸಿಗೆ ರಬ್ಬರ್ ಹಾಳೆಯ ಹಾಗೇ ನಾರುತ್ತಾ ಉಂಟು."

ನಾನು ಗೆದ್ದೆ ಎಂದುಕೊಂಡೆ.

"ಹಾಸಿಗೆಯದ್ದು ಇರ್ಬಹುದು," ಎಂದಿತು ಯಜಮಾನರ ದನಿ. "ಗೋಡೆಯದ್ದು ಒಣಮೀನೇ." ಫೋನ್ ಇಟ್ಟರು. ಆಮೇಲೆ ನನ್ನ ನಂಬರಿನಿಂದ ಹೋದ ಯಾವ ಕರೆಯನ್ನೂ ಎತ್ತಲಿಲ್ಲ. ಈಗ ಅಲ್ಲಿಗೆ ಹೊಸ ಬಾಡಿಗೆಯವರು ಬಂದಿದ್ದಾರಂತೆ. ಅವರ ಒಣಮೀನು ಈಗಾಗಲೇ ಆ ಗೋಡೆಗೆ ಹಿಡಿಯುತ್ತಿರಬೇಕು.

ಅವತ್ತು ಅವರು ಫೋನ್ ಇಟ್ಟದ್ದೇ ಕಬಕದ ಯಜಮಾನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇವಳಾದರೂ ನಮ್ಮ ಕಡೆ ಎಂದು ನಾನು ನಂಬುವಷ್ಟರಲ್ಲಿ ಹೇಳಿದಳು: "ಅಡ್ವಾನ್ಸಿನ ಬಾಕಿ ಆಮೇಲೆ ಕೊಡಿ, ಅರ್ಜೆಂಟಿಲ್ಲ. ಕೀಲಿ ತಗೊಳ್ಳಿ. ಆದ್ರೆ ಆ ಹಾಸಿಗೆ ನನ್ನ ಮನೆಯೊಳಗೆ ಬರ್ಬಾರ್ದು. ಗೋಡೆಗೆ ವಾಸನೆ ಹಿಡಿದ್ರೆ ಆಮೇಲೆ ಕ್ಲೀನಿಂಗಿಗೆ ನಾನೂ ಹಿಡಿಯುದೇ, ಈಗಲೇ ಹೇಳಿದ್ದೇನೆ."

ನಾನು ಬಾಯಿ ತೆರೆದೆ. ಬೇರೆಯವರ ಹೊಗೆಗೆ ನಾವು ಎರಡೆರಡು ಕಡೆ ಯಾಕೆ ದಂಡ ಕಟ್ಟಬೇಕು ಎಂಬ ವಾದ ನಾಲಗೆಯ ತುದಿಗೆ ಬಂದಾಗಿತ್ತು. ಅಷ್ಟರಲ್ಲಿ ಅಮ್ಮ "ಆಯ್ತು" ಎಂದು ಕೀಲಿ ತೆಗೆದುಕೊಂಡಾಗಿತ್ತು. ಬಾಗಿಲು ತೆರೆದು ಒಳಗೆ ಹೋದವಳು ಮೊದಲು ಹುಡುಕಿದ್ದು ಪೊರಕೆ.

ಹಾಸಿಗೆಯನ್ನು ನಾನೊಬ್ಬಳೇ ಎಳೆದು ತಂದು ರಸ್ತೆ ಬದಿಯ ಕಾಂಪೌಂಡಿನ ಮೇಲೆ ಬಿಸಿಲಿಗೆ ಹಾಕಿದೆ. ಅದು ಮಳೆಗಾಲ ಶುರುವಾಗುವವರೆಗೂ ದಿನಾ ಅಲ್ಲೇ ಬಿದ್ದಿರುತ್ತಿತ್ತು. ವಿಟ್ಲದ ಬಸ್ಸಿಗೆ ಕಾಯುವವರು ಮೂಗು ಮುಚ್ಚಿ, "ಯಾರ ರಬ್ಬರ್ ಮಾರಾಯ್ರೆ ಇದು?" ಎಂದು ಕೇಳುತ್ತಿದ್ದರು. ಕೇಳಿದವರಿಗೆಲ್ಲ ನಾನು ಐವರ್ನಾಡಿನ ಯಜಮಾನರ ಹೆಸರನ್ನು, ಮನೆಗೆ ಹೋಗುವ ದಾರಿಯ ಸಮೇತ, ಬಿಡಿಸಿ ಹೇಳಿದ್ದೇನೆ.