ಮದ್ರಾಸಿನ ಆಲಮ್ಮ

ಭತ್ತದ ಗದ್ದೆಗೆ ಟೈ ಕಟ್ಟಿಕೊಂಡು ಹೋಗುವ ಗಂಡಸನ್ನು ನೀವು ನೋಡಿದ್ದೀರಾ? ನಾನು ಅಂಥವರನ್ನು ಮದುವೆಯೇ ಆಗಿದ್ದೆ. ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದ ಧೋತರ, ಕೆಸರು ಮೆತ್ತಿದ ಪಾದ, ಮೇಲೆ ಬಿಳಿ ಅಂಗಿ, ಅದರ ಕೊರಳಿಗೆ ಕೆಂಪು ನೀಲಿ ಪಟ್ಟೆಯ ಮದ್ರಾಸ್ ಕಾಲೇಜಿನ ಟೈ. ಬಾಗಿದರೆ ಅದರ ತುದಿ ಗದ್ದೆಯ ನೀರಿಗೆ ಬೀಳುತ್ತಿತ್ತು. ಸಸಿ ಹಚ್ಚುವ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. "ಗೌಡ್ರಿಗೆ ಬಾಲ ಮುಂದ ಐತಿ ನೋಡಲೇ" ಎಂದು ಒಬ್ಬಳು ಅಂದದ್ದು ನನ್ನ ಕಿವಿಗೇ ಬಿತ್ತು. ನಾನೂ ನಕ್ಕೆ. ನಗದೆ ಏನು ಮಾಡಲಿ?

ಗಂಡನ ಹೆಸರು ಬಾಯಿಂದ ಹೇಳುವ ಪದ್ಧತಿ ನಮ್ಮಲ್ಲಿಲ್ಲ, ಬರೆಯುವುದಕ್ಕೂ ಕೈ ಬಾರದು. ಸಿರುಗುಪ್ಪದಲ್ಲಿ ಎಲ್ಲರೂ ಅವರನ್ನು ಬಿ.ಎ. ಎಂದೇ ಕರೆಯುತ್ತಿದ್ದರು. "ಬಿ.ಎ. ಅದಾರೇನ್ರಿ ಮನ್ಯಾಗ?" ಎಂದು ಕೇಳಿಕೊಂಡು ಬರುವರು. ನಾನೂ ಹಾಗೇ ಬರೆಯುತ್ತೇನೆ. ನಾನು ಓದಿದ್ದು ಮೂರನೇ ಕ್ಲಾಸು, ಅದೂ ಕುರುಗೋಡಿನಲ್ಲಿ. ಅಕ್ಷರ ಸೊಟ್ಟಗಿದ್ದರೆ ಸಹಿಸಿಕೊಳ್ಳಿ. ಇಷ್ಟು ಮುದುಕಿಯಾಗಿ ಈಗ ಬರೆಯಲು ಕುಳಿತದ್ದು ಸಂತೋಷ ತಡೆಯಲಾರದೆ. ನನ್ನ ಮೊಮ್ಮಗಳು ನಿನ್ನೆ ಡಿಗ್ರಿ ತಗೊಂಡು ಬಂದಳು! ಕರೀ ಗೌನು ಹಾಕಿಕೊಂಡೇ ಬಸ್ಸಿನಿಂದ ಇಳಿದಳು, ಹುಚ್ಚಿ. ಓಣಿಗೆಲ್ಲ ಸಕ್ಕರೆ ಹಂಚಿ ಡಬ್ಬಿ ಬರಿದಾಯಿತು, ಮತ್ತೆ ತರಿಸಿ ಮತ್ತೆ ಹಂಚಿದೆ. ಗುರುತಿಲ್ಲದವರಿಗೂ ಕೊಟ್ಟೆ. ಸಂತೋಷ ಹೆಚ್ಚಾದರೆ ನನಗೆ ಆ ಮನುಷ್ಯನನ್ನು ಬೈಯಬೇಕೆನಿಸುತ್ತದೆ. ಯಾಕೆಂದರೆ ಈ ಮನೆಗೆ ಡಿಗ್ರಿಯ ಗೀಳು ತಂದವರು ಅವರು. ಅದನ್ನು ಮನೆಯ ಹೆಣ್ಣುಮಕ್ಕಳು ಮುಟ್ಟದಂತೆ ಬಚ್ಚಿಡಲು ನೋಡಿದವರೂ ಅವರೇ.

ನನ್ನನ್ನು ನೋಡಲು ಕುರುಗೋಡಿಗೆ ಬಂದಾಗಲೂ ಟೈ ಇತ್ತು. ದೊಡ್ಡ ಬಸವಣ್ಣನ ಗುಡಿಯ ಓಣಿಯಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ನಮ್ಮಜ್ಜಿ ಕಣ್ಣು ಕಿರಿದು ಮಾಡಿ ನೋಡಿ, "ಪಾಪ, ಹುಡುಗಗ ಗಂಟಲ ಬ್ಯಾನಿ ಐತೇನ್ರಿ? ಬಟ್ಟಿ ಕಟ್ಟ್ಯಾನ" ಎಂದು ಶುಂಠಿ ಮೆಣಸಿನ ಕಷಾಯ ಮಾಡಿಸಿ ತಂದಿಟ್ಟಳು. ಬಿ.ಎ. ಅದನ್ನು ಗಟಗಟ ಕುಡಿದು, "ಇದು ನಮ್ಮ ಕಾಲೇಜಿನ ಬಣ್ಣ" ಎಂದರು. "ಬಣ್ಣ ಹೋಗತೈತಿ ತಗೋಪ್ಪ, ಇನ್ನೊಂದು ಗುಟುಕು ಕುಡಿ" ಎಂದಳು ಅಜ್ಜಿ.

ಡಿಗ್ರಿ ಮುಗಿಸಿ ಬಂದವರು ಯಾವ ನೌಕರಿಗೂ ಹೋಗಲಿಲ್ಲ. ಕಲೆಕ್ಟರನಿಗಿಂತ ಸಣ್ಣ ಕೆಲಸ ಮಾಡಿದರೆ ಕಾಲೇಜಿಗೆ ಅವಮಾನವಂತೆ. ಕಲೆಕ್ಟರನ ಕೆಲಸ ಯಾರೂ ಕೊಡಲಿಲ್ಲ. ಕಾಲುವೆ ನೀರಿನ ಗದ್ದೆ ಇತ್ತು, ಆಳುಗಳಿದ್ದರು, ಇವರು ಬದುವಿನ ಮೇಲೆ ನಿಂತು ಕಾಲೇಜು ನೆನೆಯುತ್ತಿದ್ದರು. ವರ್ಷಕ್ಕೊಮ್ಮೆ ಬಳ್ಳಾರಿಯಲ್ಲಿ ಮದ್ರಾಸಿನ ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಉಣ್ಣುವ ಸಭೆಯೊಂದಿತ್ತು. ಅದೇ ಇವರ ಯುಗಾದಿ, ಅದೇ ದೀವಳಿಗೆ. ಅಲ್ಲಿ ಒಂದು ಇಂಗ್ಲಿಷ್ ಭಾಷಣ ಮಾಡುತ್ತಿದ್ದರು. ಪ್ರತಿ ವರ್ಷವೂ ಅದೇ ಭಾಷಣ. ಅದನ್ನು ದನದ ಕೊಟ್ಟಿಗೆಯಲ್ಲಿ ನಿಂತು ಜೋರಾಗಿ ರೂಢಿ ಮಾಡುತ್ತಿದ್ದರು. ಆ ವಾರ ನಮ್ಮ ಎಮ್ಮೆ ಹಾಲು ಬಿಡುತ್ತಿರಲಿಲ್ಲ.

ಆ ಕೊಟ್ಟಿಗೆಯಿಂದಲೇ ಆಲಮ್ಮ ನಮ್ಮ ಮನೆಗೆ ಬಂದದ್ದು. ನನ್ನ ಅತ್ತೆ ಹೊಸ್ತಿಲಲ್ಲಿ ಕುಳಿತು ಕಿವಿಗೊಟ್ಟು ಕೇಳಿ, ನನ್ನನ್ನು ಹತ್ತಿರ ಕರೆದಳು.

"ಲೇ ಕುರುಗೋಡಾಕಿ, ಕೇಳಿಸಿತೇನ? ನಿನ್ನ ಗಂಡ ಮಾತಿಗೊಮ್ಮೆ ಆಲಮ್ಮ, ಆಲಮ್ಮ ಅಂತಾನ. ಯಾರಾಕಿ? ಮದ್ರಾಸಿನ್ಯಾಗ ಯಾರ್ನಾರ ಇಟ್ಟಾನೇನ?"

ಬಿ.ಎ. ಹೊರಗೆ ಬಂದಾಗ ಅತ್ತೆ ಬಿಡಲಿಲ್ಲ. ಅವರಿಗೆ ಮೊದಲು ತಿಳಿಯಲಿಲ್ಲ, ಆಮೇಲೆ ಸಿಟ್ಟು ಬಂತು.

"ಅವ್ವಾ, ಅದು ಆಲಮ್ಮ ಅಲ್ಲ, ಆಲ್ಮಾ ಮೇಟರ್. ನಮ್ಮ ಯೂನಿವರ್ಸಿಟಿಗೆ ಹಂಗಂತಾರ. ತಾಯಿ ಅಂತ ಅರ್ಥ. ಹಾಲು ಕುಡಿಸಿದ ತಾಯಿ."

"ಹಾಲು ಕುಡಿಸಿದಾಕಿ ಇಲ್ಲಿ ಕುಂತೀನಲೇ! ಮದ್ರಾಸಿನಾಕಿ ಯಾವಾಗ ಕುಡಿಸಿದ್ಲು?"

"ಅದು ವಿದ್ಯೆಯ ಹಾಲಬೇ. ಆ ತಾಯಿ ಏನು ಕೇಳಿದ್ರೂ ನಾನು ಇಲ್ಲ ಅನ್ನಂಗಿಲ್ಲ ಅಂತ ನನ್ನ ಭಾಷಣದಾಗ ಹೇಳೀನಿ."

"ಕೇಳಿದ್ದೆಲ್ಲ ಕೊಡ್ತಾನಂತ!" ಅತ್ತೆ ನೆಲಕ್ಕೆ ಕೈ ಬಡಿದಳು. "ಕಾಲುವಿ ಗದ್ದಿ ಹೋತು ತಗೋ."

ಅಂದಿನಿಂದ ನಮ್ಮ ಮನೆಯಲ್ಲಿ ಯೂನಿವರ್ಸಿಟಿಗೆ ಆಲಮ್ಮ ಎಂದೇ ಹೆಸರು. ಸಭೆಗೆ ಹೊರಟರೆ "ಆಲಮ್ಮನ ಮನಿಗೆ ಹೊಂಟ್ಯಾ?" ಎಂದು ಅತ್ತೆ ಕೇಳುವಳು. ಬರಿಗೈಲಿ ಹೋಗುತ್ತಿರಲಿಲ್ಲ ಮಹರಾಯರು. ಸಭೆಯ ಊಟಕ್ಕೆಂದು ಒಂದು ಚೀಲ ಸಣ್ಣಕ್ಕಿ, ಅದೂ ಮನೆಯಲ್ಲಿ ನಾವು ಮುಟ್ಟದೆ ಎತ್ತಿಟ್ಟ ಹಳೇ ಅಕ್ಕಿ, ಇದ್ದಿಲು ಉರಿಸಿ ಓಡುವ ಬಸ್ಸಿನ ನೆತ್ತಿಯ ಮೇಲೇರುತ್ತಿತ್ತು. ಯುದ್ಧದ ರೇಷನ್ನಿನ ಕಾಲ ಅದು. ಬಳ್ಳಾರಿ ಪ್ಯಾಟಿಯ ದೊಡ್ಡ ಮನುಷ್ಯರೂ ಕಲ್ಲು ಆರಿಸಿ ಉಣ್ಣುತ್ತಿದ್ದರು. ಅಂಥಲ್ಲಿ ಸಿರುಗುಪ್ಪದ ಅಕ್ಕಿ ಇಳಿದರೆ ಯಾರು ಬೇಡವೆನ್ನುತ್ತಾರೆ? "ಎಲ್ಲಾರೂ ನನ್ನ ದಾರಿ ಕಾಯ್ತಿದ್ರು" ಎಂದು ಹಿಗ್ಗಿಕೊಂಡು ಬರುವರು. ಅಕ್ಕಿಯ ದಾರಿ ಕಾಯುತ್ತಿದ್ದರು ಎಂದು ಹೇಳಲು ನನ್ನ ನಾಲಿಗೆ ತುದಿಗೆ ಬರುತ್ತಿತ್ತು.

ನಮಗೆ ಒಬ್ಬಳೇ ಮಗಳು, ಗಿರಿಜ. ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ಮೋಕದಿಂದ ಒಬ್ಬ ಗೌಡರು ತಮ್ಮ ಮಗನಿಗೆ ಅವಳನ್ನು ಕೇಳಲು ಬಂದರು. ಗಿರಿಜಳಿಗೆ ಓದುವ ಆಸೆ. ಪರೀಕ್ಷೆಗೆ ಮೊದಲೇ ಕೊಟ್ಟುಬಿಡುತ್ತಾರೆಂದು ಹಿತ್ತಲಲ್ಲಿ ಮುಖ ಊದಿಸಿಕೊಂಡು ಕುಳಿತಿದ್ದಳು. ಬಾಯಿಗೆ ಬೀಗವಿಲ್ಲದ ನನ್ನ ಅತ್ತೆ ಆಲಮ್ಮನ ಕತೆಯನ್ನು ಊರಿಗೆಲ್ಲ ಹೇಳಿದ್ದಳಲ್ಲ, ಅದು ಮೋಕದವರೆಗೂ ಹೋಗಿತ್ತು. ಚಹಾ ಕುಡಿಯುತ್ತ ಗೌಡರು ದನಿ ತಗ್ಗಿಸಿದರು.

"ಹುಡುಗಿ ಚಂದ ಅದಾಳ. ಆದ್ರ ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡ್ರಿ. ಆ ಆಲಮ್ಮನ ಸಂಗತಿ ಖರೇ ಏನ್ರಿ?"

ಬಿ.ಎ.ಯವರ ಮುಖ ತಾವರೆಯಂತೆ ಅರಳಿತು. ತಮ್ಮ ಕಾಲೇಜಿನ ಬಗ್ಗೆ ಆವರೆಗೆ ಒಬ್ಬರೂ ತಾವಾಗಿ ಕೇಳಿದವರಿಲ್ಲ.

"ಖರೇನ ಅಂತ ಕೇಳ್ತೀರಿ? ನನ್ನ ಉಸಿರೇ ಆಕಿ! ವರ್ಷಕ್ಕೊಮ್ಮೆ ಆಕಿ ಹೆಸರಿನ್ಯಾಗ ಬಳ್ಳಾರಿಗೆ ಹೋಗದಿದ್ರ ಅನ್ನ ಸೇರಂಗಿಲ್ಲ."

"ಹಂಗಾರ... ಆ ಕಡೀಗೆ ಮಕ್ಕಳು?"

"ಸಾವಿರಾರು!"

ಗೌಡರು ಬಟ್ಟಲನ್ನು ಕೆಳಗಿಟ್ಟು ಎದ್ದರು. "ಬರ್ತೀವ್ರಿ, ಬಸ್ಸಿನ ಹೊತ್ತಾತು." ಅವರು ಬಂದದ್ದು ಚಕ್ಕಡಿಯಲ್ಲಿ. ಮಗಳು ಹಿತ್ತಲ ಕಂಬ ತಬ್ಬಿಕೊಂಡು ನಕ್ಕು ನಕ್ಕು ಕೆಳಗೆ ಕುಳಿತಳು. ಬಿ.ಎ.ಗೆ ಏನಾಯಿತೆಂದು ತಿಳಿಯಲು ಸಂಜೆಯಾಯಿತು.

ಹೀಗೆ ಆಲಮ್ಮನ ದಯದಿಂದ ಗಿರಿಜ ಎಸ್ಸೆಸ್ಸೆಲ್ಸಿ ಪಾಸಾದಳು. ಬಳ್ಳಾರಿಯಲ್ಲೇ ಕಾಲೇಜು ಶುರುವಾಗಿತ್ತು. ಅವಳು ಅಪ್ಪನ ಎದುರು ನಿಂತು ಕೇಳಿದಳು. ಕಾಲೇಜೇ ಉಸಿರೆಂದು ಟೈ ಬಿಗಿದವರು ಏನೆಂದರು ಗೊತ್ತೇ?

"ಅದೂ ಒಂದು ಕಾಲೇಜಾ? ಕಾಲೇಜಂದ್ರ ಕಿಟಿಕ್ಯಾಗ ಸಮುದ್ರ ಕಾಣಬೇಕು. ಬಳ್ಳಾರಿಯಾಗ ಏನು ಕಾಣತೈತಿ? ಗುಡ್ಡ. ಕಲ್ಲು."

"ನೀವು ಸಮುದ್ರ ನೋಡಾಕ ಹೋಗಿದ್ರೋ, ಓದಾಕ ಹೋಗಿದ್ರೋ?" ಎಂದೆ ನಾನು.

"ನಿನಗೇನ್ ತಿಳೀತೈತಿ, ಸುಮ್ನಿರು. ಹೆಣ್ಣುಹುಡುಗಿಗೆ ಯಾಕ ಬೇಕು ಬಿ.ಎ.? ಮನ್ಯಾಗ ಒಂದು ಬಿ.ಎ. ಐತಲ್ಲ, ಸಾಲದೇನು?"

ಮನೆಗೊಂದು ಬಿ.ಎ. ಸಾಕಂತೆ, ಬೀಸುವ ಕಲ್ಲಿದ್ದ ಹಾಗೆ! ನಾನು ಕಣ್ಣೀರು ಹಾಕಿದೆ, ಉಪವಾಸ ಕುಳಿತೆ, ಮಾತು ಬಿಟ್ಟೆ. ಆ ಕಿವಿಗೆ ಏನೂ ಇಳಿಯಲಿಲ್ಲ. ಅಷ್ಟರಲ್ಲಿ ಹಚ್ಚೊಳ್ಳಿಯಿಂದ ಇನ್ನೊಂದು ಸಂಬಂಧ ಕುದುರಿತು. ಬಳ್ಳಾರಿಯ ಸಭೆ ಮುಗಿಸಿ ಬಂದ ಮೇಲೆ ವೀಳ್ಯ ಹಿಡಿಯುವುದೆಂದು ಗಟ್ಟಿಯಾಯಿತು. ಗಿರಿಜ ಪುಸ್ತಕಗಳನ್ನು ಟ್ರಂಕಿನಲ್ಲಿಟ್ಟು ಅದರ ಮೇಲೆ ಹಾಸಿಗೆ ಹಾಕಿಕೊಂಡಳು.

ಸ್ವಾತಂತ್ರ್ಯ ಬಂದ ವರ್ಷ ಅದು. ಆ ಸಲ ಸಭೆಗೆ ಕುಟುಂಬ ಸಮೇತ ಬರಬೇಕೆಂದು ಹೇಳಿಕಳಿಸಿದ್ದರು. ದೇಶಕ್ಕೆ ಸ್ವಾತಂತ್ರ್ಯ ಬಂತು, ಇವರಿಗೂ ಬುದ್ಧಿ ಬಂತು ಎಂದುಕೊಂಡೆ. ಹೋಗಿ ನೋಡಿದರೆ ಅಡುಗೆಯವನು ಕೈಕೊಟ್ಟಿದ್ದ. ದಂಡಿನ ಪ್ರದೇಶದ ಒಬ್ಬ ವಕೀಲರ ಬಂಗಲೆ. ಹೆಂಗಸರೆಲ್ಲ ಹಿತ್ತಲಲ್ಲಿ ಒಲೆಯ ಮುಂದೆ, ಗಂಡಸರು ಪಡಸಾಲೆಯಲ್ಲಿ. ಹೊಟ್ಟೆ ಬಂದವರು, ಬೋಳುತಲೆಯವರು ಒಬ್ಬರ ಬೆನ್ನಿಗೊಬ್ಬರು ಗುದ್ದಿ, ಹಾಸ್ಟೆಲಿನ ಅಡ್ಡಹೆಸರು ಹಿಡಿದು ಕೂಗುತ್ತಿದ್ದರು. ಎದ್ದುನಿಂತು ಕಾಲೇಜಿನ ಹಾಡು ಹಾಡಿದರು. ಒಬ್ಬ ಕಣ್ಣೀರು ಒರೆಸಿಕೊಂಡ. ಆ ಪುಣ್ಯಾತ್ಮ ತನ್ನ ಊರಿನ ಶಾಲೆಗೆ ಒಂದು ಬೆಂಚು ಕೊಟ್ಟವನಲ್ಲ. ನಮ್ಮವರು ಎಮ್ಮೆ ಕೇಳಿ ಕೇಳಿ ಬೇಸತ್ತ ಭಾಷಣ ಒದರಿದರು. ತಾಯಿ ಏನು ಕೇಳಿದರೂ ಇಲ್ಲವೆನ್ನುವುದಿಲ್ಲ ಎಂಬ ಜಾಗ ಬಂದಾಗ ಎದೆ ಮುಟ್ಟಿಕೊಂಡರು. ಇಂಗ್ಲಿಷ್ ಬಾರದ ನನಗೂ ಆ ಜಾಗ ಗೊತ್ತಿತ್ತು.

ಊಟಕ್ಕೆ ಕುಳಿತರು. ಮದ್ರಾಸಿನಿಂದ ಬಂದಿದ್ದ ಮುದಿ ಪ್ರೊಫೆಸರು ಮೊದಲ ಎಲೆಗೆ. ಅವರು ಅನಂತಪುರದ ಕಡೆಯವರು, ಅರ್ಧ ಕನ್ನಡ, ಅರ್ಧ ತೆಲುಗು. ಗಿರಿಜ ಅನ್ನ ಬಡಿಸಲು ಹೋದವಳು ಬುಟ್ಟಿ ಹಿಡಿದು ಅಲ್ಲೇ ನಿಂತಳು.

"ಸಾರ್, ಒಂದು ಮಾತು ಕೇಳ್ಲೇನ್ರಿ?"

"ಅಡುಗಮ್ಮಾ, ಕೇಳು."

"ಆಲಮ್ಮಗ ಬರೇ ಗಂಡುಮಕ್ಕಳೇನ್ರಿ? ಹೆಣ್ಣುಮಕ್ಕಳು ಇಲ್ಲೇ ಇಲ್ಲೇನು?"

"ಆಲಮ್ಮ ಎವರಮ್ಮಾ, ಯಾರು?"

ಗಿರಿಜ ಕತೆಯನ್ನೆಲ್ಲ ಹೇಳಿದಳು. ಅಜ್ಜಿ, ಕೊಟ್ಟಿಗೆ, ಮೋಕದ ಗೌಡರು, ಒಂದೂ ಬಿಡಲಿಲ್ಲ. ಪ್ರೊಫೆಸರಿಗೆ ನಗು ಬಂದು ಅನ್ನ ನೆತ್ತಿಗೇರಿತು. ನೀರು ಕುಡಿದು ಕಣ್ಣೊರೆಸಿಕೊಂಡು, "ಅದಾರಮ್ಮಾ, ಹೆಣ್ಣುಮಕ್ಕಳೂ ಅದಾರ. ನೀನು ಪಾಸಾ?" ಎಂದರು.

"ಪಾಸಾಗೀನ್ರಿ. ಸಮುದ್ರ ಇಲ್ಲದ್ದು ಕಾಲೇಜೇ ಅಲ್ಲ ಅಂತಾರ ನಮ್ಮಪ್ಪಾರು."

"ಎವರಮ್ಮಾ ನಿಮ್ಮ ನಾನ್ನ?"

ಪಂಕ್ತಿಯೆಲ್ಲ ಒಂದೇ ಕಡೆ ತಿರುಗಿತು. ಬಿ.ಎ. ತಮ್ಮ ಎಲೆಯಲ್ಲಿ ಏನನ್ನೋ ಹುಡುಕುತ್ತಿದ್ದರು. ಟೈ ತುದಿ ಸಾರಿನಲ್ಲಿತ್ತು.

"ಏಮಯ್ಯಾ," ಎಂದರು ಪ್ರೊಫೆಸರು, "ತಾಯಿ ಏನು ಕೇಳಿದರೂ ಕೊಡ್ತೀನಿ ಅಂತ ಈಗ ತಾನೇ ಅಂದಿಯಲ್ಲ? ಬಳ್ಳಾರಿ ಕಾಲೇಜು ಕೂಡಾ ಆ ತಾಯಿದೇ, ಒಂದೇ ಯೂನಿವರ್ಸಿಟಿ. ಆಕೆ ಈ ಪಿಲ್ಲನ್ನ, ಈ ಹುಡುಗಿನ್ನ ಕೇಳ್ತಾಳೆ. ಕೊಡ್ತೀಯಾ ಲೇದಾ?"

ಹಿತ್ತಲ ಬಾಗಿಲಲ್ಲಿ ನಾನು ಸೌಟು ಹಿಡಿದು ನಿಂತಿದ್ದೆ.

"ಕೊಡ್ತೀನಿ ಸಾರ್" ಎಂದರು ಬಿ.ಎ., ಎಲೆಗೇ ಹೇಳಿದ ಹಾಗೆ. ಎಲ್ಲರೂ ಚಪ್ಪಾಳೆ ಹೊಡೆದರು. ಆ ಮಂದಿ ಯಾವುದಕ್ಕಾದರೂ ಚಪ್ಪಾಳೆ ಹೊಡೆಯುತ್ತಾರೆ.

ಸಿರುಗುಪ್ಪದಲ್ಲಿ ಬಸ್ಸಿನಿಂದ ಇಳಿದ ಮೇಲೆ, "ಹಚ್ಚೊಳ್ಳಿಯೋರಿಗೆ ಬರಬ್ಯಾಡ್ರಿ ಅಂತ ಹೇಳಿ ಕಳಿಸು. ಸಾರ್ ಕೇಳಿದ ಮ್ಯಾಲ ಇಲ್ಲ ಅನ್ನಾಕ ಬರತೈತೇನು?" ಎಂದರು. ಹೆಂಡತಿಯ ಉಪವಾಸಕ್ಕೆ ಬಗ್ಗದ ಕುತ್ತಿಗೆ ಪರರ ಒಂದು ಮಾತಿಗೆ ಬಗ್ಗಿತು. ಬಗ್ಗಲಿ ಬಿಡಿ, ಬಗ್ಗಿತಲ್ಲ! ಕಾಲೇಜಿಗೆ ಸೇರಿಸಲು ಟೈ ಕಟ್ಟಿಕೊಂಡೇ ಹೋದರು. "ನಾನು ಹಳೇ ವಿದ್ಯಾರ್ಥಿ" ಎಂದು ಗುಮಾಸ್ತನಿಗೆ ಹೇಳಿದರು. "ಹಳಬ್ರು ಹೊಸಬ್ರು ಎಲ್ಲಾ ಸಾಲಿನ್ಯಾಗ ನಿಂದರ್ರಿ" ಎಂದನಂತೆ ಆತ. ಗಿರಿಜ ಬಿ.ಎ. ಮುಗಿಸಿ ಬಳ್ಳಾರಿಯ ಹೆಣ್ಣುಮಕ್ಕಳ ಸಾಲಿಯಲ್ಲಿ ಟೀಚರಾದ ಮೇಲಂತೂ, "ಹೆಣ್ಣುಮಕ್ಕಳು ಓದಬೇಕು ಅಂತ ಮೊದಲು ಅಂದಾಂವ ನಾನು" ಎಂದು ಕಟ್ಟೆಯ ಮೇಲೆ ಕುಳಿತು ಸಾರುತ್ತಿದ್ದರು. ನಾನು ಒಳಗಿನಿಂದ ಕೆಮ್ಮುತ್ತಿದ್ದೆ.

ಬಳ್ಳಾರಿ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದಾಗ ಊರೆಲ್ಲ ಸಿಹಿ ಹಂಚಿತು. ನಮ್ಮ ಮನೆಯಲ್ಲಿ ಮಾತ್ರ ಒಬ್ಬರು ಗೋಡೆಗೆ ಮುಖ ಮಾಡಿ ಮಲಗಿದ್ದರು. "ಆಲಮ್ಮ ಬ್ಯಾರೆ ರಾಜ್ಯದಾಕಿ ಆದ್ಲಲ್ಲ" ಎಂದರು. ಅವರೂ ಆಲಮ್ಮ ಎಂದದ್ದು ಅದೇ ಮೊದಲು. ತವರುಮನೆ ದೂರವಾಯಿತೆಂದು ಅಳುವ ಗಂಡಸನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಆ ವರ್ಷ ಅವರಿಗೆ ಉಬ್ಬಸ ಜೋರಾಗಿ ಸಭೆಗೆ ಹೋಗಲಾಗಲಿಲ್ಲ. ಗಿರಿಜಳಿಗೂ ಕರೆ ಬಂದಿತ್ತು, ಈಗ ಅವಳೂ ಹಳೇ ವಿದ್ಯಾರ್ಥಿಯಲ್ಲವೇ? ಸಭೆ ಮುಗಿಸಿ ಮರುದಿನ ಮುಂಜಾನೆ ಬಸ್ಸಿಗೆ ಅವಳು ಬರುತ್ತಾಳೆಂದು ಇವರು ಎದ್ದು ಕುಳಿತು ಟೈ ಕಟ್ಟಿಸಿಕೊಂಡರು. ಗಂಟು ಹಾಕಿದವಳು ನಾನೇ.

ಅವಳು ಒಳಗೆ ಕಾಲಿಡುತ್ತಲೇ, "ಕೇಳಿದ್ರೇನು?" ಎಂದರು. "ನಾನು ಯಾಕ ಬಂದಿಲ್ಲ ಅಂತ ಕೇಳಿದ್ರೇನು?"

ಗಿರಿಜ ಮಂಚದ ಅಂಚಿಗೆ ಕುಳಿತಳು. "ಆಲಮ್ಮನೇ ಕೇಳಿದ್ಲಪ್ಪ. ನನ್ನ ಮಗ ಎಲ್ಲಿ, ಯಾಕ ಬಂದಿಲ್ಲ ಅಂದ್ಲು."

ಅವರು ಕಣ್ಣು ಮುಚ್ಚಿ ತಲೆಯಾಡಿಸಿದರು. "ಕೇಳೇ ಕೇಳ್ತಾಳ" ಎಂದರು.

ಅಡುಗೆಮನೆಯಲ್ಲಿ ನಾನು ಅವಳ ತೋಳು ಹಿಡಿದೆ. "ಖರೇ ಹೇಳಲೇ, ಯಾರು ಕೇಳಿದ್ರು?"

ಅವಳು ಒಲೆಯ ಕಡೆ ನೋಡಿದಳು. "ಒಬ್ಬರು ಕೇಳಿದ್ರಬೇ. ಈ ಸಲ ಸಿರುಗುಪ್ಪದ ಅಕ್ಕಿ ಬಂದಿಲ್ಲೇನು ಅಂತ."

ಆ ಸುಗ್ಗಿಯನ್ನು ಅವರು ನೋಡಲಿಲ್ಲ. ಮಣ್ಣಿಗೆ ಇಡುವಾಗ ಟೈ ಬಿಚ್ಚಬೇಕೇ ಎಂದು ಅಯ್ಯನವರು ಕೇಳಿದರು. "ಇರ್ಲಿ ಬಿಡ್ರಿ" ಎಂದೆ.

ಇವತ್ತು ಮುಂಜಾನೆ ಗಿರಿಜಳ ಮಗಳು, ನನ್ನ ಬಂಗಾರ, ಆ ಕರೀ ಗೌನನ್ನು ಮಡಿಚಿಡುತ್ತ ಹೇಳಿದಳು: "ಅಜ್ಜಿ, ನಾವೆಲ್ಲ ಹಳೇ ವಿದ್ಯಾರ್ಥಿಗಳ ಸಂಘ ಕಟ್ಟೀವಿ. ವರ್ಷಕ್ಕೊಮ್ಮೆ ಸೇರ್ತೀವಿ. ಹೋಗ್ಲೇನು?"

ಅವಳ ಎರಡೂ ಕೆನ್ನೆಗೆ ಮುತ್ತು ಕೊಟ್ಟು ದೃಷ್ಟಿ ತೆಗೆದೆ.

"ಹೋಗವ್ವ, ತಪ್ಪದ ಹೋಗು. ಆದ್ರ ಅಕ್ಕಿ ಒಯ್ಯಬ್ಯಾಡ."